ಗೆಜ್ಜೆಯ ಗುಂಡು, ಬೈಸಿಕಲ್ಲಿನ ಕತ್ತು

ನನ್ನ ಕಿವಿ ಬಲು ಚುರುಕು. ಇದನ್ನು ಹೇಳಿಕೊಳ್ಳಲು ನನಗೆ ಎಂದೂ ಸಂಕೋಚವಾಗಿಲ್ಲ, ಈ ವಯಸ್ಸಿನಲ್ಲಂತೂ ಆಗುವುದೇ ಇಲ್ಲ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಎತ್ತಿನ ಕೊರಳಿಗೆ ಕಟ್ಟುವ ಗೆಜ್ಜೆಗಳನ್ನು ಎರಕ ಹೊಯ್ಯುವುದು ನಮ್ಮ ಮನೆತನದ ಕಸುಬು. ನೂರು ಗೆಜ್ಜೆಗಳ ಸರದಲ್ಲಿ ಒಂದು ಒಡಕಿದ್ದರೆ ಬೆನ್ನು ತಿರುಗಿಸಿ ಕೂತೇ ಅದನ್ನು ಹೇಳುತ್ತಿದ್ದೆ. ಹಾಗಾಗಿ ಆ ಬೈಸಿಕಲ್ಲು ನಮ್ಮ ಅಂಗಳಕ್ಕೆ ಬಂದ ದಿನ, ಅದು ಹೊಸಿಲು ದಾಟುವಾಗ ಆದ ಸಣ್ಣ 'ಟಕ್' ಸದ್ದನ್ನು ಕೇಳಿದ್ದು ನಾನೊಬ್ಬನೇ.

ಇಂಗ್ಲಿಷರ ರಾಣಿಯ ಆಳ್ವಿಕೆಯ ಕೊನೆಯ ವರ್ಷಗಳು ಅವು. ಊರಲ್ಲಿ ಬೈಸಿಕಲ್ಲುಗಳನ್ನು ಬೆರಳಲ್ಲಿ ಎಣಿಸಬಹುದಿತ್ತು, ಅವೂ ದಂಡಿನ ದೊರೆಗಳವು. ನಮ್ಮ ಮನೆಗೆ ಬಂದದ್ದು ನನ್ನ ತಂಗಿಯ ಗಂಡನಿಂದಾಗಿ. ಅವನು ನಮ್ಮ ಜಾತಿಯವನೇ, ಆದರೆ ನಾಲ್ಕಕ್ಷರ ಇಂಗ್ಲಿಷು ಕಲಿತು ಮಕ್ಕಳ ತೋಳಿಗೆ ಸಿಡುಬಿನ ದಾಕು ಹಾಕುವ ಸರ್ಕಾರಿ ಕೆಲಸ ಹಿಡಿದಿದ್ದ. ತಂಗಿ, ಅವನು, ಅವರ ಎರಡು ವರ್ಷದ ಮಗಳು ನನ್ನ ಅಂಗಳದಲ್ಲೇ ಪಕ್ಕದ ಎರಡು ಕೋಣೆಗಳಲ್ಲಿದ್ದರು. ಮೈದುನ ಮೆತ್ತನೆಯ ಮನುಷ್ಯ. ಎಡಮೊಣಕಾಲು ಹಿಂದೆ ಮುರಿದು ಸೆಟೆದಿತ್ತು, ಒಂದು ಹರದಾರಿ ನಡೆದರೆ ಊದಿಕೊಳ್ಳುತ್ತಿತ್ತು. ವಿಚಿತ್ರವೆಂದರೆ ಬೈಸಿಕಲ್ಲಿನ ಮೇಲೆ ಆ ಕಾಲು ತಕರಾರು ಮಾಡುತ್ತಿರಲಿಲ್ಲ. ತನ್ನ ಸೀಮೆಗೆ ಹಿಂತಿರುಗುತ್ತಿದ್ದ ಆಸ್ಪತ್ರೆಯ ದೊರೆ ಇದನ್ನು ನೋಡಿ, ತನ್ನ ಹಳೆಯ ಬೈಸಿಕಲ್ಲನ್ನು ಅವನಿಗೇ ಬಿಟ್ಟು ಹೋಗಿದ್ದ.

ಮೈದುನನ ಕೆಲಸವೆಲ್ಲ ಅವಲಂಬಿಸಿದ್ದು ಎಂಟನೇ ದಿನವನ್ನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮಗುವಿನ ತೋಳಿಗೆ ಚುಚ್ಚಿದ ಎಂಟನೇ ದಿನಕ್ಕೆ ಅಲ್ಲಿ ಗುಳ್ಳೆ ಎದ್ದು ತುಂಬಿರುತ್ತದೆ. ಆ ಗುಳ್ಳೆಯ ರಸವೇ ಮುಂದಿನ ಮಕ್ಕಳಿಗೆ ಬೀಜ. ಅಂದೇ ಹೋಗಿ ನೋಡಬೇಕು, ಅಂದೇ ತೆಗೆಯಬೇಕು. ಎರಡು ದಿನ ತಡವಾದರೆ ಗುಳ್ಳೆ ಒಣಗಿ ಹಕ್ಕಳೆಯಾಗುತ್ತದೆ, ಬೀಜ ಹೋಗುತ್ತದೆ, ಊರಿನ ಉಳಿದ ಮಕ್ಕಳು ಹಾಗೇ ಉಳಿಯುತ್ತಾರೆ. ಕುರುಗೋಡು, ಸಿರುಗುಪ್ಪದ ಕಡೆಯ ಹಳ್ಳಿಗಳು ಅವನ ಪಾಲಿಗಿದ್ದವು. ಮೊದಲು ಒಂದು ತಟ್ಟುಕುದುರೆ ಇತ್ತು, ಅದು ಸತ್ತಿತು. ಇನ್ನು ಈ ಎರಡು ಗಾಲಿಗಳೇ ಗತಿ.

ಈ ಕೆಲಸದ ಬಗ್ಗೆ ನನಗೆ ಅಂಥ ಗೌರವವೇನೂ ಇರಲಿಲ್ಲ ಎಂಬುದನ್ನೂ ಹೇಳಬೇಕು. ಸಿಡುಬಿನ ಅಮ್ಮ ಬರುವುದಿದ್ದರೆ ಬರುತ್ತಾಳೆ, ಸೂಜಿಗೆ ಹೆದರುತ್ತಾಳೆಯೇ ಎನ್ನುವವರ ಪೈಕಿ ನಾನು. ತಂಗಿಯ ಮಗಳು, ನನ್ನ ಸೊಸೆ, ಹುಟ್ಟಿದಾಗಲೇ, ಈ ಮನೆಯ ಕೂಸಿಗೆ ಚುಚ್ಚುವುದು ಬೇಡ, ಬೆಳೆದ ಮೇಲೆ ನೋಡೋಣ ಎಂದು ಹೇಳಿಬಿಟ್ಟಿದ್ದೆ. ಗಂಡ ಹೆಂಡತಿ ಇಬ್ಬರೂ ತಲೆಯಾಡಿಸಿದ್ದರು. ನನ್ನ ಮಾತಿಗೆ ಮನೆಯಲ್ಲಿ ಎದುರುತ್ತರ ಇರುತ್ತಿರಲಿಲ್ಲ. ಅದನ್ನು ನಾನು ಗೌರವ ಎಂದು ತಿಳಿದಿದ್ದೆ.

ಈಗ ಆ ಟಕ್ ಸದ್ದಿಗೆ ಬರುತ್ತೇನೆ. ಬೈಸಿಕಲ್ಲಿನ ಮುಂದಿನ ಗಾಲಿಯನ್ನು ಗೋಡೆಗೆ ತಾಗಿಸಿ ಹಿಡಿಕೆಯನ್ನು ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ನೂಕಿದೆ. ಗಾಲಿಯನ್ನು ಹಿಡಿದಿರುವ ಕಬ್ಬಿಣದ ಕವೆ, ಅದು ಒಳಹೊಕ್ಕು ತಿರುಗುವ ಕೊಳವೆಯಲ್ಲಿ ಕೂದಲೆಳೆಯಷ್ಟು ಆಡುತ್ತಿತ್ತು. ಆ ಜಾಗಕ್ಕೆ ನಾವು ಕತ್ತು ಎಂದೇ ಹೆಸರಿಟ್ಟೆವು. ಕತ್ತಿನ ಮೇಲಿದ್ದ ತಿರುಪನ್ನು ಪಾನಾ ಹಾಕಿ ಬಿಗಿ ಮಾಡಿದೆ. ಆಟ ನಿಂತಿತು. ಇಷ್ಟೇ ಕೆಲಸ ಎಂದು ಕೈ ಒರೆಸಿಕೊಂಡೆ. ಮೈದುನ ಕುರುಗೋಡಿಗೆ ಹೋಗಿ ಬಂದ. ಬಂದ ಮೇಲೆ ನೋಡಿದರೆ ಕತ್ತು ಮತ್ತೆ ಸಡಿಲ. ಇನ್ನೊಮ್ಮೆ ಬಿಗಿದೆ, ಮತ್ತೆ ಕುರುಗೋಡಿನಿಂದ ಸಡಿಲವಾಗಿಯೇ ಬಂತು.

ನನಗೆ ಸಿಟ್ಟು ಬಂತು. ಲೋಹದ ವಸ್ತು ನನ್ನ ಮಾತು ಕೇಳದಿದ್ದರೆ ನಾನು ಸಹಿಸುವವನಲ್ಲ. ಅಂಗಳದಲ್ಲೇ ಬೈಸಿಕಲ್ಲನ್ನು ಅಡ್ಡಹಾಕಿ ಕತ್ತನ್ನು ಬಿಚ್ಚಿದೆ. ಒಳಗೆ ಏನಿದೆ ಎಂದು ತಿಳಿಯದೆ, ಕೆಳಗೆ ಬಟ್ಟೆ ಹಾಸದೆ, ಎರಕದ ಮಣ್ಣು ಗುಡ್ಡೆ ಬಿದ್ದಿದ್ದ ಜಾಗದಲ್ಲೇ ಬಿಚ್ಚಿದೆ. ಕವೆ ಕೆಳಗೆ ಜಾರಿದ್ದೇ ತಡ, ಸಾಸಿವೆ ಡಬ್ಬಿ ಉರುಳಿದಂತೆ ಉಕ್ಕಿನ ಪುಟ್ಟ ಗುಂಡುಗಳು ಜರ್ರನೆ ಸುರಿದು ಆ ಸಡಿಲ ಮಣ್ಣಿನಲ್ಲಿ ಮಾಯವಾದವು. ಕತ್ತಿನ ಮೇಲೊಂದು ಕೆಳಗೊಂದು ಉಕ್ಕಿನ ಬಟ್ಟಲು, ಬಟ್ಟಲ ಸುತ್ತ ಗುಂಡುಗಳ ಸಾಲು, ಆ ಗುಂಡುಗಳ ಮೇಲೆ ಕವೆ ತಿರುಗುತ್ತದೆ ಎಂದು ನನಗೆ ಆಗ ತಿಳಿಯಿತು. ಹುಡುಕಿದಾಗ ಸಿಕ್ಕಿದ್ದು ಅರ್ಧದಷ್ಟು ಮಾತ್ರ.

ಬೇರೆಯವನಾಗಿದ್ದರೆ ತಲೆಯ ಮೇಲೆ ಕೈ ಹೊತ್ತು ಕೂರುತ್ತಿದ್ದ. ನಾನು ನಕ್ಕೆ. ಏಕೆಂದರೆ ಅಂಥ ಗುಂಡು ನನ್ನ ಮನೆಯಲ್ಲಿ ತೆಂಗಿನ ಚಿಪ್ಪುಗಟ್ಟಲೆ ಇತ್ತು. ಪ್ರತಿ ಗೆಜ್ಜೆಯ ಹೊಟ್ಟೆಯಲ್ಲೂ ಒಂದು ಕಬ್ಬಿಣದ ಗುಂಡಿರುತ್ತದೆ. ಮೊದಲು ಗುಂಡಿನ ಸುತ್ತ ಮಣ್ಣು ಕಟ್ಟಿ, ಅದರ ಮೇಲೆ ಮೇಣ ಬಳಿದು ಎರಕ ಹೊಯ್ದು, ಆರಿದ ಮೇಲೆ ಸೀಳಿನಿಂದ ಮಣ್ಣು ಕುಟ್ಟಿ ತೆಗೆದರೆ ಗುಂಡು ಒಳಗೇ ಉಳಿದು ಸದ್ದು ಮಾಡುತ್ತದೆ. ನಾವೇ ಕೂತು ಬಡಿದು ಮಾಡಿದ ಗುಂಡುಗಳು. ದೊರೆಯ ಬೈಸಿಕಲ್ಲಿನ ಉಕ್ಕಿನ ಗುಂಡೊಂದು ಸರಿಯಾಗಿ ತೂರುವಂತೆ ತಗಡಿನಲ್ಲಿ ಒಂದು ತೂತು ಕೊರೆದೆ. ಚಿಪ್ಪಿನಿಂದ ಒಂದೊಂದೇ ಗುಂಡು ತೆಗೆದು ತೂರಿಸಿ ನೋಡಿ, ಬಿಗಿಯಾಗಿ ತೂರಿದವನ್ನೇ ಆರಿಸಿದೆ. ನೆರೆಯವರು ಸುತ್ತ ನಿಂತು ನೋಡುತ್ತಿದ್ದರು. ಸೀಮೆಯ ಗುಂಡಿಗೂ ಕೌಲ್ ಬಜಾರಿನ ಗುಂಡಿಗೂ ಏನು ವ್ಯತ್ಯಾಸ, ಯಾರಾದರೂ ಹೇಳಿ ಎಂದು ಅವರಿಗೆ ಸವಾಲು ಹಾಕಿದೆ. ಯಾರೂ ಹೇಳಲಿಲ್ಲ. ಬೆರೆಸಿ ಹಾಕಿ, ಬಿಗಿ ಮಾಡಿ, ಮೈದುನನ ಕೈಗೆ ಕೊಟ್ಟೆ.

ಮರುದಿನ ಅವನಿಗೆ ಸಿರುಗುಪ್ಪದಲ್ಲಿ ಎಂಟನೇ ದಿನ. ಹೋದವನು ಕುರುಗೋಡು ದಾಟಿದ ಮೇಲೆ ಒಂದು ಮೋರಿಯ ಹತ್ತಿರ ಬಿದ್ದ. ಹಿಡಿಕೆ ನೆಟ್ಟಗೆ ನಿಲ್ಲದೆ ತಾನೇ ಒಂದು ಕಡೆಗೆ ಎಳೆಯಿತಂತೆ. ಮೊಣಕಾಲು ಮತ್ತೆ ಊದಿ, ಯಾರದೋ ಬಂಡಿ ಸಿಕ್ಕಿ, ಸಿರುಗುಪ್ಪ ಸೇರುವಷ್ಟರಲ್ಲಿ ಹತ್ತನೇ ದಿನವಾಗಿತ್ತು. ಗುಳ್ಳೆಗಳೆಲ್ಲ ಒಣಗಿದ್ದವು. ಮೇಲಿನ ಅಧಿಕಾರಿ ಅಲ್ಲೇ ಇದ್ದವನು ಪುಸ್ತಕದಲ್ಲಿ ಬರೆದುಕೊಂಡು, ಇನ್ನೊಂದು ಸಲ ಹೀಗಾದರೆ ಕುಂಟನಿಗೆ ಈ ಕೆಲಸವಲ್ಲ ಎಂದು ತೀರ್ಮಾನಿಸಬೇಕಾಗುತ್ತದೆ ಎಂದನಂತೆ. ಮೈದುನ ಇದನ್ನೆಲ್ಲ ಮನೆಗೆ ಬಂದು ಮೆಲ್ಲಗೆ ಹೇಳಿದ. ನನ್ನ ಗುಂಡಿನ ಬಗ್ಗೆ ಒಂದು ಮಾತೂ ಆಡಲಿಲ್ಲ.

ನಾನು ಬೈಸಿಕಲ್ಲನ್ನು ಗೋಡೆಗೆ ತಾಗಿಸಿ ನೂಕಿ ನೋಡಿದೆ. ಗಾಲಿ ನೆಟ್ಟಗಿದ್ದಾಗ ಕತ್ತು ಬಿಗಿ. ಮತ್ತೆ ಏನು ಬೇಕು? ತಪ್ಪು ಸವಾರನದು ಎಂದು ತೀರ್ಪು ಕೊಟ್ಟೆ. ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ ಎಂದು ತಂಗಿಯ ಎದುರೇ ಅವನಿಗೆ ಹೇಳಿ ನಕ್ಕೆ. ಹಿಡಿಕೆಯನ್ನು ಹಗ್ಗ ಹಿಡಿದಂತೆ ಹಿಡಿಯುತ್ತಾನೆ ಎಂದು ದೂರಿ, ದಿನಾ ಸಂಜೆ ದಂಡಿನ ಮೈದಾನಕ್ಕೆ ಕರೆದೊಯ್ದು, ನಾನು ನಡುವೆ ನಿಂತು ಅವನನ್ನು ಸುತ್ತು ಹೊಡೆಸಿದೆ. ನನಗೆ ಆ ಗಾಡಿಯ ಮೇಲೆ ಕೂರಲೂ ಬರುತ್ತಿರಲಿಲ್ಲ. ಆದರೂ ಕಲಿಸಿದೆ! ಅವನು ತೂರಾಡುತ್ತ ಸುತ್ತುತ್ತಿದ್ದ, ಇಳಿಯುವಾಗ ನನ್ನ ಮುಖ ನೋಡದೆ ಮೊಣಕಾಲು ನೀವಿಕೊಳ್ಳುತ್ತಿದ್ದ. ಕೊನೆಗೆ ಒಂದು ಸಂಜೆ, ತನಗೆ ಈ ಗಾಡಿ ಒಗ್ಗುವುದಿಲ್ಲವೇನೋ, ಕೆಲಸ ಬಿಟ್ಟು ನಿಮ್ಮ ಕುಲುಮೆಯ ತಿದಿ ಒತ್ತುತ್ತ ಕೂರುತ್ತೇನೆ ಎಂದ. ಆಗಲೂ ನನಗೆ ಅವನ ಮೇಲೆ ಸಿಟ್ಟೇ ಬಂತು, ಕನಿಕರ ಬರಲಿಲ್ಲ.

ಅಷ್ಟರಲ್ಲಿ ಆಸ್ಪತ್ರೆಯಿಂದ ಹೊಸ ಬೀಜ ಬಂದು, ಅವನು ಸರ್ಕಾರಿ ಬಂಡಿಯಲ್ಲಿ ಹೋಗಿ ಸಿರುಗುಪ್ಪದ ಮಕ್ಕಳಿಗೂ, ಮರುದಿನ ಕುರುಗೋಡಿನ ಮಕ್ಕಳಿಗೂ ಚುಚ್ಚಿ ಬಂದಿದ್ದ. ಸಿರುಗುಪ್ಪದ ಎಂಟನೇ ದಿನ ಬೆಳಿಗ್ಗೆ ಅದೇ ಅಧಿಕಾರಿ ಅಲ್ಲಿ ಮಕ್ಕಳ ತೋಳು ನೋಡುವುದಿತ್ತು. ನಾನೂ ಬರುತ್ತೇನೆ ಎಂದೆ. ಗೆಜ್ಜೆ ಮಾರುವ ನೆಪವಿತ್ತು. ನಿಜವಾದ ಕಾರಣವೆಂದರೆ, ದೋಷ ಸವಾರನದೇ ಎಂಬುದನ್ನು ದಾರಿಯುದ್ದಕ್ಕೂ ಕಣ್ಣಾರೆ ನೋಡಿ ಅವನಿಗೆ ತೋರಿಸಬೇಕಿತ್ತು. ಬೈಸಿಕಲ್ಲನ್ನು ನನ್ನ ಬಂಡಿಯ ಮೇಲೆ ಹಾಕಿಕೊಂಡು ಇಬ್ಬರೂ ಕುರುಗೋಡಿಗೆ ಹೋದೆವು. ಅಲ್ಲಿನ ಎಂಟನೇ ದಿನ ಅವನು ಹಿಂತಿರುಗುವಾಗ ಬರುವುದಿತ್ತು, ಆದರೂ ಗುಳ್ಳೆ ಏಳುತ್ತಿದೆಯೇ ಎಂದು ಅವನು ಚುಚ್ಚಿದ್ದ ಮಕ್ಕಳನ್ನು ನೋಡಿ ಮುಗಿಸುವಷ್ಟರಲ್ಲಿ ಮರುದಿನದ ಹೊತ್ತು ಏರಿತ್ತು. ಎತ್ತುಗಳು ದಣಿದಿದ್ದವು, ಬಂಡಿ ಅಂದು ಸಿರುಗುಪ್ಪ ಮುಟ್ಟುವ ಮಾತೇ ಇರಲಿಲ್ಲ. ಮುಂದಿನ ದಾರಿಯನ್ನು ಅವನು ಬೈಸಿಕಲ್ಲಿನ ಮೇಲೆ ಹೊತ್ತು ಮುಳುಗುವುದರೊಳಗೆ ಮುಗಿಸಬೇಕು.

ಬಾದನಹಟ್ಟಿಯವರೆಗೆ ಅವನ ಹಿಂದೆಯೇ ನಿಧಾನವಾಗಿ ಬಂಡಿ ಹೊಡೆದೆ. ಎರೆಮಣ್ಣಿನ ದಾರಿಯ ಮೇಲೆ ಹಿಟ್ಟಿನಂಥ ಧೂಳು. ಅದರ ಮೇಲೆ ಅವನ ಗಾಲಿಯ ಗುರುತು ಹಾವು ಹರಿದಂತೆ ಬಿದ್ದಿತ್ತು. ಅದನ್ನು ತೋರಿಸಿ ಬೈಯಬೇಕೆಂದು ಬಂಡಿಯಿಂದ ಇಳಿದು ಓಡಿ ಅವನನ್ನು ನಿಲ್ಲಿಸಿದೆ. ನೋಡು, ನೆಟ್ಟಗೆ ಹೀಗೆ ನೂಕಬೇಕು ಎಂದು ಹಿಡಿಕೆಯನ್ನು ನಾನೇ ಹಿಡಿದು ಬೈಸಿಕಲ್ಲನ್ನು ನಡೆಸಿದೆ. ಸುತ್ತ ಹತ್ತಿಯ ಹೊಲ, ಒಂದು ಹಕ್ಕಿಯ ಸದ್ದೂ ಇರಲಿಲ್ಲ. ಹಿಡಿಕೆ ಸ್ವಲ್ಪ ಓರೆಯಾದಾಗ ಕತ್ತಿನೊಳಗಿಂದ ಒಂದು ಸದ್ದು ಬಂತು.

ಆ ಸದ್ದು ನನಗೆ ಹುಟ್ಟಿದಾಗಿನಿಂದ ಗೊತ್ತು. ಅದು ಗೆಜ್ಜೆಯ ಸದ್ದು. ಜಾಗ ಸಾಲದೆ ಎಡವಿ ಹೊರಳುವ ಗುಂಡಿನ ಸದ್ದು. ಕಿವಿಯನ್ನು ಕೊಳವೆಗೆ ಒತ್ತಿ ಮತ್ತೆ ತಿರುಗಿಸಿದೆ. ನೆಟ್ಟಗಿದ್ದಾಗ ಕಚ್ಚಿ ಹಿಡಿಯುತ್ತಿತ್ತು, ಎರಡು ಬೆರಳು ಓರೆಯಾದರೆ ಸಡಿಲಾಗಿ ಗಿಲಕ್ಕೆನ್ನುತ್ತಿತ್ತು. ಮೂರು ವಾರ ಅವನು ಹೇಳಿದ್ದು ಅದನ್ನೇ, ತಾನೇ ಎಳೆಯುತ್ತದೆ ಎಂದು.

ಬೇವಿನ ಮರದ ನೆರಳಿಗೆ ಒಯ್ದು, ಈ ಸಲ ನನ್ನ ಹೆಗಲ ಪಂಚೆಯನ್ನು ಹಾಸಿ, ಬಂಡಿಯಲ್ಲಿ ತಂದಿದ್ದ ಪಾನಾಗಳಿಂದ ಅದರ ಮೇಲೆ ಕತ್ತು ಬಿಚ್ಚಿದೆ. ಬುತ್ತಿಯ ಹಿತ್ತಾಳೆ ತಟ್ಟೆ ತೊಳೆದು ಗುಂಡುಗಳನ್ನು ಒಂದೊಂದಾಗಿ ಉರುಳಿಸಿದೆ. ದೊರೆಯ ಗುಂಡು ಗೆರೆ ಎಳೆದಂತೆ ನೆಟ್ಟಗೆ ಓಡಿ ಅಂಚು ಮುಟ್ಟಿತು. ನನ್ನದು ಅರ್ಧ ದಾರಿಯಲ್ಲಿ ಸೊಟ್ಟ ತಿರುಗಿ, ಓಲಾಡಿ ನಿಂತಿತು. ಇನ್ನೊಂದೂ ಹಾಗೇ. ಆಗ ತಿಳಿಯಿತು. ತೂತು ಅಳೆಯುವುದು ಅಗಲವನ್ನು ಮಾತ್ರ, ಗೋಧಿಕಾಳಿನಂತೆ ಉದ್ದಗಿರುವುದೂ ತೂತಿನಲ್ಲಿ ತೂರುತ್ತದೆ. ಗೆಜ್ಜೆಯೊಳಗಿನ ಗುಂಡು ಸದ್ದು ಮಾಡಿದರೆ ಸಾಕು, ದುಂಡಗೆ ಇರಬೇಕಿಲ್ಲ. ನಮ್ಮ ತಾತ ಮುತ್ತಾತ ಯಾರೂ ದುಂಡಗೆ ಮಾಡಿರಲಿಲ್ಲ, ಮಾಡುವ ಅಗತ್ಯವೂ ಬಿದ್ದಿರಲಿಲ್ಲ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಊರೆಲ್ಲ ಸಾರಿದ್ದೆ.

"ತಪ್ಪು ನಿಂದಲ್ಲಪಾ, ನಂದು," ಎಂದೆ. ಹೇಳಲು ಕಷ್ಟವಾಯಿತು. ಹೇಳಿದ ಮೇಲೆ ಇನ್ನೂ ಕಷ್ಟವಾಯಿತು, ಏಕೆಂದರೆ ಹೇಳಿದ್ದರಿಂದ ಗುಂಡು ಹುಟ್ಟುವುದಿಲ್ಲ. ಸೂರ್ಯ ನೆತ್ತಿ ದಾಟಿದ್ದ. ಸಿರುಗುಪ್ಪ ದೂರವಿತ್ತು. ಅರ್ಧ ಗುಂಡುಗಳಲ್ಲಿ ಕತ್ತು ನಿಲ್ಲುವುದಿಲ್ಲ. ಅವನ ಕೆಲಸವನ್ನು ನಾನೇ ಕಳೆದೆ ಎಂದುಕೊಂಡೆ.

ಮೈದುನ ತನ್ನ ದಾಕಿನ ಪೆಟ್ಟಿಗೆ ತೆರೆದ. ಸೂಜಿಗಳ ಕೆಳಗಿನಿಂದ ತಂಗಿಯ ಹಳೆ ಸೀರೆಯ ಚೂರಿನ ಒಂದು ಗಂಟು ತೆಗೆದು ನನ್ನ ಮುಂದಿಟ್ಟ. ಬಿಚ್ಚಿದೆ. ಮಣ್ಣಿನಲ್ಲಿ ಮಾಯವಾಗಿದ್ದ ಉಕ್ಕಿನ ಗುಂಡುಗಳು, ಎಲ್ಲವೂ, ತೊಳೆದು ಎಣ್ಣೆ ಹಚ್ಚಿ ಇಟ್ಟಿದ್ದವು. ಎರಕದ ಮಣ್ಣನ್ನು ಮತ್ತೆ ಬಳಸಲು ಜರಡಿ ಹಿಡಿಯುವುದು ನಮ್ಮ ಮನೆಯ ಹೆಂಗಸರ ಕೆಲಸ. ಜರಡಿಯಲ್ಲಿ ಸಿಕ್ಕವನ್ನು ತಂಗಿ ಆರಿಸಿಟ್ಟಿದ್ದಳು. ಅವನು ಬಿದ್ದು ಬಂದ ದಿನವೇ ಅವನಿಗೆ ಕೊಟ್ಟಿದ್ದಳಂತೆ.

"ಇಷ್ಟು ದಿನ ಇಟ್ಕೊಂಡು ಬೀಳ್ಕೊಂತ ತಿರುಗಿದ್ಯಾ?" ಎಂದು ಕೇಳಿದೆ.

ಅವನು ನೆಲ ನೋಡುತ್ತ ಹೇಳಿದ, "ನಿಮ್ಮ ಗುಂಡು ಸರಿ ಇಲ್ರೀ ಅಂತ ಹ್ಯಾಂಗ ಹೇಳೂದ್ರಿ, ಭಾವಾ? ನೀವಾಗಿ ಬಿಚ್ಚಿದ್ರ ಕೊಡೂಣು ಅಂತ ಇಟ್ಕೊಂಡಿದ್ದೆ."

ಕೈಗೆ ಕೆಲಸವಿತ್ತು, ಅದೇ ಪುಣ್ಯ. ಬಂಡಿಯ ಕೀಲಿಗೆ ಹಚ್ಚುವ ಎಣ್ಣೆಮಸಿಯನ್ನು ಬಟ್ಟಲುಗಳಿಗೆ ಬಳಿದು, ಅದರ ಅಂಟಿಗೆ ಗುಂಡುಗಳನ್ನು ಒಂದೊಂದಾಗಿ ಕೂರಿಸಿದೆ. ಈಗ ಸಾವಧಾನವಾಗಿ ನೋಡಿದ್ದರಿಂದ ಮೊದಲ ತಪ್ಪೂ ಕಣ್ಣಿಗೆ ಬಿತ್ತು. ಕತ್ತಿನ ಮೇಲಿರುವುದು ಒಂದು ತಿರುಪಲ್ಲ, ಎರಡು. ಕೆಳಗಿನದು ಮೇಲಿನ ಬಟ್ಟಲೇ, ಅದು ತಿರುಪಿನಂತೆ ತಿರುಗಿ ಗುಂಡುಗಳನ್ನು ಒತ್ತುತ್ತದೆ. ಅದರ ಮೇಲೆ ಕೂರುವ ತಿರುಪು ಆ ಬಟ್ಟಲು ತಿರುಗದಂತೆ ಅದುಮಿ ಹಿಡಿಯುತ್ತದೆ. ನಾನು ಮೊದಲಿನಿಂದಲೂ ಮೇಲಿನದನ್ನಷ್ಟೇ ಬಿಗಿದು ಹೆಮ್ಮೆ ಪಟ್ಟಿದ್ದೆ. ಕೆಳಗಿನದು ದಾರಿಯ ಕುಲುಕಿಗೆ ತನ್ನಷ್ಟಕ್ಕೆ ಬಿಚ್ಚಿಕೊಳ್ಳುತ್ತಿತ್ತು. ಈಗ ಬಟ್ಟಲನ್ನು ಆಟ ಹೋಗುವವರೆಗೆ ತಿರುಗಿಸಿ, ಕೂದಲೆಳೆಯಷ್ಟು ಹಿಂದಕ್ಕೆ ಬಿಟ್ಟೆ. ಅದು ಅಲುಗದಂತೆ ಮೈದುನನ ಕೈಯಲ್ಲಿ ಒಂದು ಪಾನಾ ಹಿಡಿಸಿ, ಇನ್ನೊಂದರಿಂದ ಮೇಲಿನ ತಿರುಪನ್ನು ಅದರ ಮೇಲೆ ಬಿಗಿದೆ. ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ ಅದು. ಮುಂದಿನ ಗಾಲಿ ಎತ್ತಿ ಹಿಡಿದರೆ ತನ್ನ ಭಾರಕ್ಕೇ ಎಡಕ್ಕೂ ಬಲಕ್ಕೂ ಹೊರಳಿತು. ಮರಕ್ಕೆ ತಾಗಿಸಿ ನೂಕಿದೆ, ಕಿವಿ ಕೊಟ್ಟೆ. ಒಳಗೆ ಏನೂ ಕೇಳಲಿಲ್ಲ.

ಅವನು ಹತ್ತಿ ಹೊರಟ. ಸ್ವಲ್ಪ ದೂರ ಹೋಗಿ ಒಂದು ಕೈ ಬಿಟ್ಟು ಪೇಟ ಸರಿಮಾಡಿಕೊಂಡದ್ದು ಕಂಡಿತು. ಅಷ್ಟು ದಿನಗಳಲ್ಲಿ ಅವನು ಹಿಡಿಕೆಯಿಂದ ಕೈ ತೆಗೆದದ್ದು ನಾನು ನೋಡಿರಲಿಲ್ಲ.

ಎತ್ತುಗಳಿಗೆ ಬಾದನಹಟ್ಟಿಯಲ್ಲಿ ವಿಶ್ರಾಂತಿ ಕೊಟ್ಟು, ಬೆಳಗಾದ ಮೇಲೆ ಸಿರುಗುಪ್ಪದ ದಾರಿ ಹಿಡಿದೆ. ದಾರಿಯುದ್ದಕ್ಕೂ ಧೂಳಿನಲ್ಲಿ ಆ ಗಾಲಿಯ ಗುರುತನ್ನೇ ನೋಡುತ್ತಿದ್ದೆ. ಅವನು ಬಿದ್ದಿದ್ದ ಮೋರಿ ಬಂದಾಗ ಬಂಡಿ ನಿಲ್ಲಿಸಿ ಇಳಿದು ನೋಡಿದೆ. ಗುರುತು ಮೋರಿ ದಾಟಿ ನೆಟ್ಟಗೆ ಹೋಗಿತ್ತು. ಗದ್ದೆಗಳು ಶುರುವಾಗುವಲ್ಲಿ, ಕಾಲುವೆಯ ಏರಿಯ ಮೇಲೂ ನೆಟ್ಟಗೆ. ಮಧ್ಯಾಹ್ನ ಸಿರುಗುಪ್ಪ ಮುಟ್ಟಿದಾಗ ಅವನು ಚಾವಡಿಯ ಕಟ್ಟೆಯ ಮೇಲೆ ಕೂತು ಒಂದು ಕೂಸಿನ ತೋಳು ಒರೆಸುತ್ತಿದ್ದ. ಅಧಿಕಾರಿ ಬೆಳಿಗ್ಗೆ ಬಂದು, ತುಂಬಿದ ಗುಳ್ಳೆಗಳನ್ನು ನೋಡಿ, ಏನನ್ನೂ ಬರೆದುಕೊಳ್ಳದೆ ಹೋಗಿದ್ದನಂತೆ. ಮೈದುನ ಹೊಸದಾಗಿ ಹತ್ತಾರು ಮಕ್ಕಳಿಗೆ ಚುಚ್ಚಿದ್ದ. ಸಾಲಿನಲ್ಲಿದ್ದ ಒಬ್ಬ ಮುದುಕಿ ಅವನನ್ನು ಕೇಳಿದಳು, "ನಿಮ್ಮ ಕೂಸಿಗೂ ಚುಚ್ಚೀರೇನ್ರಿ ಡಾಕ್ಟ್ರ?" ಅವನು ಕೇಳಿಸದವನಂತೆ ಸೂಜಿ ತೊಳೆಯತೊಡಗಿದ. ಹಿಂದಿನಿಂದ ನಾನು ಕೇಳಿಸಿಕೊಂಡೆ.

ಊರಿಗೆ ಬಂದ ದಿನ ತಂಗಿ ಅಂಗಳದಲ್ಲಿ ಜರಡಿ ಹಿಡಿದು ಕೂತಿದ್ದಳು. ಮಗಳು ಪಕ್ಕದಲ್ಲಿ ಮಣ್ಣಾಡುತ್ತಿದ್ದಳು. ನಾನು ಹೋಗಿ ಎದುರಿಗೆ ಕುಕ್ಕರುಗಾಲಲ್ಲಿ ಕೂತು, ಗುಂಡು ಸಿಕ್ಕಿದ್ದನ್ನು ನನಗೇಕೆ ಹೇಳಲಿಲ್ಲ ಎಂದು ಕೇಳಿದೆ. ತಂದೆ ಸತ್ತ ಮೇಲೆ ಅವಳನ್ನು ಬೆಳೆಸಿದವನು ನಾನು, ನನ್ನ ಹತ್ತಿರ ಏನು ಭಯ ಎಂದೂ ಕೇಳಿದೆ. ಅವಳು ಜರಡಿ ನಿಲ್ಲಿಸಲಿಲ್ಲ.

"ಸಾವಿರ ಗೆಜ್ಜ್ಯಾಗ ಒಂದು ಒಡಕು ಗೆಜ್ಜಿ ನಿನಗ ಕೇಳಸ್ತೈತಿ, ಅಣ್ಣಾ," ಎಂದಳು. "ಮನ್ಯಾಗಿನ ಮಂದಿ ಮಾತು ಕೇಳಸಂಗಿಲ್ಲ. ಅದಕ್ಕ ಹೇಳೂದು ಬಿಟ್ಟೀವಿ."

ಸಿಟ್ಟು ಬಂತು. ಅಭ್ಯಾಸ. ಅದನ್ನು ನುಂಗಿಕೊಂಡು, ಹಾಗಾದರೆ ಇನ್ನೂ ಹೇಳದೆ ಬಿಟ್ಟದ್ದು ಏನಾದರೂ ಇದ್ದರೆ ಈಗಲೇ ಹೇಳು ಎಂದೆ. ಅವಳು ನನ್ನನ್ನು ನೋಡಿದಳು. ನಿಜವಾಗಿ ಕೇಳುತ್ತಿದ್ದೇನೆಯೋ ಇಲ್ಲವೋ ಎಂದು ಅಳೆಯುತ್ತಿದ್ದಳು. ಆಮೇಲೆ ಜರಡಿ ಕೆಳಗಿಟ್ಟು, ಮಗಳನ್ನು ಎಳೆದು ಮಡಿಲಲ್ಲಿ ಕೂರಿಸಿಕೊಂಡಳು. ಆ ಪುಟ್ಟ ಬರಿಯ ತೋಳನ್ನು ಸೆರಗಿನಿಂದ ಒರೆಸುತ್ತ ಕೂತಳು. ಹೇಳುವ ಅಗತ್ಯವಿರಲಿಲ್ಲ. ಊರೂರಿನ ಕೂಸುಗಳಿಗೆ ಬೀಜ ಮುಟ್ಟಿಸಲು ಸೆಟೆದ ಕಾಲಲ್ಲಿ ಬಿದ್ದು ಎದ್ದು ಓಡಾಡುವ ಮನುಷ್ಯ, ನನ್ನ ಒಂದು ಮಾತಿಗೆ ಹೆದರಿ ತನ್ನ ಮಗಳನ್ನು ಎರಡು ವರ್ಷ ಹಾಗೇ ಬಿಟ್ಟಿದ್ದ. ನನಗೆ ನಾಚಿಕೆಯಾಯಿತು. ಆ ಎರಡು ವರ್ಷಗಳಲ್ಲಿ ಅಮ್ಮ ನಮ್ಮ ಬೀದಿಗೆ ಬಂದಿರಲಿಲ್ಲ ಎಂಬುದನ್ನು ಬಿಟ್ಟರೆ ನನ್ನ ಕಡೆ ಹೇಳಿಕೊಳ್ಳಲು ಏನೂ ಇರಲಿಲ್ಲ.

ಮೈದುನನನ್ನು ಕೂಗಿ, ಸಿರುಗುಪ್ಪದ ಬೀಜ ಇನ್ನೂ ಇದೆಯೇ ಎಂದು ಕೇಳಿದೆ. ಒಂದು ಗಾಜಿನ ನಳಿಗೆಯಲ್ಲಿ ಇತ್ತು. ಸೊಸೆಯನ್ನು ನನ್ನ ತೊಡೆಯ ಮೇಲೆ ಕೂರಿಸಿಕೊಂಡು, ಅವಳ ಕಣ್ಣ ಮುಂದೆ ಒಂದು ಗೆಜ್ಜೆಸರ ಅಲ್ಲಾಡಿಸಿದೆ. ಅವನು ಚುಚ್ಚುವಾಗ ಅವಳು ಸರದ ಕಡೆಗೇ ನೋಡುತ್ತಿದ್ದಳು, ನಾನು ಅವನ ಕೈಯ ಕಡೆ.

ಎಂಟನೇ ದಿನ ಅವನು ಕುರುಗೋಡಿಗೆ ಹೊರಡುವ ಮೊದಲು ನಾನೇ ಮಗುವಿನ ತೋಳು ತೆರೆದು ನೋಡಿದೆ. ಗುಳ್ಳೆ ದುಂಡಗೆ ಎದ್ದಿತ್ತು.